ಕೆಂಪು ಟೇಪಿನ ಗುರುತು

ಹುಣಸೂರು
೧೬ ನವೆಂಬರ್ ೨೦೨೫, ಭಾನುವಾರ

ನನ್ನ ರೂಪಶ್ರೀ,

ಹಾಸನದಲ್ಲಿ ಈಗ ಚಳಿ ಹಿಡಿದಿರುತ್ತದೆ. ಕಿವಿಗೆ ಬಟ್ಟೆ ಕಟ್ಟಿಕೊಂಡು, ಕಾಫಿ ಪಕ್ಕದಲ್ಲಿಟ್ಟುಕೊಂಡು ಕೂತ ಮೇಲೆ ಇದನ್ನು ಓದು. ಕಾಗದ ಉದ್ದವಾಗುವ ಹಾಗಿದೆ.

ಸಂಜೆ ಆರು ಗಂಟೆ. ಈಗ ತಾನೆ ಸ್ಟುಡಿಯೋ ಶಟರ್ ಎಳೆದು ಹಿಂದಿನ ಮನೆಗೆ ಬಂದೆ. ಭಾನುವಾರವಾದರೂ ಮೂವರು ಬಂದಿದ್ದರು. ಕಾಲೇಜಿನ ಅರ್ಜಿಗೆ ಪಾಸ್‌ಪೋರ್ಟ್ ಫೋಟೊ ಬೇಕೆಂದು ಒಬ್ಬ ಹುಡುಗಿ, ಮದುವೆ ಆಲ್ಬಮ್ಮಿನ ಕಿತ್ತುಹೋದ ಹಾಳೆ ಅಂಟಿಸಿಕೊಡಿ ಎಂದು ಒಬ್ಬ ಹೆಂಗಸು, ಮೊಬೈಲಿಗೆ ಕವರ್ ಇದೆಯಾ ಎಂದು ಒಬ್ಬ ಯಜಮಾನರು. ಕೊನೆಯವರಿಗೆ ಪಕ್ಕದ ಅಂಗಡಿ ತೋರಿಸಿದೆ. ಮಧ್ಯಾಹ್ನ ಅವರೆಕಾಳು ಸಾರು ಮಾಡಿದ್ದೆ. ಈ ವರ್ಷದ ಮೊದಲ ಅವರೆ. ಸೊಗಡು ಇನ್ನೂ ಬಂದಿಲ್ಲ.

ದಿನಾ ಬರೆಯುವ ನಾಲ್ಕು ಸಾಲು ದಿನಚರಿ ಬರೆಯಲು ಕೂತವಳು ನಾನು. ಎರಡನೇ ಸಾಲಿಗೇ ‘ನೀನು’ ಎಂದು ಬಂತು. ಇದು ದಿನಚರಿಯಲ್ಲ, ಮಗಳ ಜೊತೆ ಮಾತು ಎಂದು ತಿಳಿದು ಬೇರೆ ಹಾಳೆ ತೆಗೆದುಕೊಂಡೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ಅದಕ್ಕೆ ಪರಿಹಾರ ಹುಡುಕಿ, ದಿನವನ್ನೂ ಗೊತ್ತು ಮಾಡಿಬಿಟ್ಟಿರುತ್ತೀಯ. ಹಾಳೆಯ ಮೇಲಾದರೆ ನೀನು ಅಡ್ಡ ಬಾಯಿ ಹಾಕಲಾರೆ.

ನೀನು ಹೋದ ವಾರ ಕೇಳಿದ್ದು ಎರಡು ಮಾತು. ಯಾವ ಕ್ಯಾಮೆರಾ ತೆಗೆದುಕೊಡಲಿ ಎನ್ನುವುದು ಒಂದು. ಸ್ಟುಡಿಯೋ ನಡೆಸುತ್ತೀಯಾ, ಇಲ್ಲ ಆ ಜಾಗವನ್ನು ಪಕ್ಕದ ಮೊಬೈಲ್ ಅಂಗಡಿಯವರಿಗೆ ಬಿಟ್ಟುಕೊಟ್ಟು ನಮ್ಮ ಜೊತೆ ಬಂದಿರುತ್ತೀಯಾ ಎನ್ನುವುದು ಇನ್ನೊಂದು. ಅವರೂ ಈ ತಿಂಗಳ ಕೊನೆಗೆ ಉತ್ತರ ಬೇಕು ಎಂದಿದ್ದಾರೆ. ಒಳ್ಳೆಯ ಜನವೇ. ಬೋರ್ಡ್ ತೆಗೆಯುವುದಿಲ್ಲ, ಮೂಲೆಯಲ್ಲಿ ಹಾಗೇ ಇರಲಿ ಎಂದೂ ಹೇಳಿದರು. ಸ್ಟುಡಿಯೋ ಇಲ್ಲದೆ ಸ್ಟುಡಿಯೋ ಬೋರ್ಡ್ ಇದ್ದರೆ ಯಾರಿಗೆ ಸಮಾಧಾನ ಎಂದು ನಾನು ಕೇಳಲಿಲ್ಲ.

ನಿನಗೆ ಗೊತ್ತು, ನಿಮ್ಮಪ್ಪ ಹೋದ ಮೇಲೆ ಈ ಹತ್ತು ತಿಂಗಳು ನಾನು ಅಂಗಡಿ ತೆರೆದದ್ದು ಬೇರೇನೂ ಮಾಡಲು ತೋಚದೆ. ಫೋಟೊ ತೆಗೆಯುವವರು ನಿಮ್ಮಪ್ಪ. ನಾನು ಲೈಟು ಹಿಡಿಯುವವಳು. ಲೈಟು ಹಿಡಿಯುವವಳು ಒಬ್ಬಳೇ ಉಳಿದರೆ ಅದು ಸ್ಟುಡಿಯೋ ಹೇಗಾಗುತ್ತದೆ? ಇದನ್ನು ಯಾರ ಹತ್ತಿರವೂ ಕೇಳಿರಲಿಲ್ಲ, ದಿನಚರಿಯಲ್ಲೂ ಬರೆದಿರಲಿಲ್ಲ.

ಮೊದಲು ಕ್ಯಾಮೆರಾ ವಿಷಯ.

ಅಳಿಯಂದಿರು ಕಳಿಸಿದ್ದನ್ನೆಲ್ಲ ಓದಿದೆ. ಕಿರಣ್‌ಕುಮಾರ್ ಅವರಿಗೆ ಬೇಸರವಾಗದ ಹಾಗೆ ಹೇಳು, ಅರ್ಧ ಅರ್ಥವಾಯಿತು. ನಿಮ್ಮಪ್ಪನ ಕ್ಯಾಮೆರಾದ ಜಾತಿಯದೇ ಹೊಸದು ಒಂದು, ಅದಕ್ಕಿಂತ ಚಿಕ್ಕದು, ಹಗುರವಾದದ್ದು ಇನ್ನೊಂದು. ದೊಡ್ಡದರ ಒಳಗೆ ಬೆಳಕು ಬೀಳುವ ಜಾಗ ದೊಡ್ಡದು, ಆದ್ದರಿಂದ ಕತ್ತಲಲ್ಲೂ ಚಿತ್ರ ಸ್ವಚ್ಛ. ಅಗಲದ ಪಾತ್ರೆ ಮಳೆಯಲ್ಲಿಟ್ಟರೆ ಹೆಚ್ಚು ನೀರು ತುಂಬುವ ಹಾಗೆ ಎಂದು ನಾನು ಅಂದುಕೊಂಡೆ. ಸರಿಯೋ ತಪ್ಪೋ ಅವರನ್ನು ಕೇಳು. “ಚಿತ್ರದ ಗುಣಮಟ್ಟವೇ ಮುಖ್ಯ ಅತ್ತೆ, ಭಾರ ಅಭ್ಯಾಸ ಆಗ್ತದೆ” ಎಂದು ಅವರು ಬರೆದಿದ್ದಾರೆ. ನೀನು ಅದರ ಕೆಳಗೆ ಹೂಂ ಎಂದು ಹೆಬ್ಬೆರಳು ಒತ್ತಿದ್ದೀಯ.

ಹೆಬ್ಬೆರಳಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನನ್ನ ಬಲಗೈ ಹೆಬ್ಬೆರಳ ಬುಡ ನೋಯುತ್ತದೆ. ಕೈ ಹೇಗಿದೆ ಎಂದು ನೀನು ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದಿದ್ದೆ. ಡಾಕ್ಟರು ಕೈಗೆ ಹಾಕಿಕೊಳ್ಳಲು ಪಟ್ಟಿ ಕೊಟ್ಟಿದ್ದಾರೆ, ಭಾರ ಎತ್ತಬೇಡಿ ಎಂದಿದ್ದಾರೆ. ಗಾಬರಿಯಾಗಿ ಬಸ್ಸು ಹತ್ತಬೇಡ. ಮುದ್ದೆ ತೊಳಸುವಾಗ ಎಡಗೈ ಜೋರು ಮಾಡುತ್ತೇನೆ, ಅಷ್ಟೇ.

ನಿಮ್ಮಪ್ಪನ ಕ್ಯಾಮೆರಾ ನಿಮ್ಮಪ್ಪನ ಕೈಗೇ ಹುಟ್ಟಿದ್ದು. ಬಲಗಡೆ ಹಿಡಿಯುವ ಕಡೆ ರಬ್ಬರು ಅವರ ಬೆರಳು ಕೂತು ಕೂತು ನುಣುಪಾಗಿ ಹೊಳೆಯುತ್ತದೆ. ಆ ಹೊಳಪಿನ ಮೇಲೆ ನನ್ನ ಬೆರಳಿಟ್ಟರೆ ತುದಿ ಗುಂಡಿಗೆ ಎಟಕುವುದಿಲ್ಲ. ಎಟಕಿಸಿಕೊಂಡರೆ ಹಿಡಿತ ಸಡಿಲ. ಕುತ್ತಿಗೆಗೆ ಹಾಕುವ ಪಟ್ಟಿಯೂ ಅವರ ಉದ್ದಕ್ಕೇ ಇದೆ, ನನಗೆ ಸೊಂಟದ ಕೆಳಗೆ ತೂಗುತ್ತದೆ. ಒಂದೆರಡು ಸಲ ಗಿಡ್ಡ ಮಾಡಲು ಕೂತು, ಬಕ್ಕಲ್ಲಿನ ಹತ್ತಿರ ಅವರ ಬೆವರಿನ ಕಲೆ ಕಂಡು, ಹಾಗೇ ಇಟ್ಟೆ. ಈಗ ಅದರ ಶಟರೂ ಸೋತಿದೆ. ಮೈಸೂರಿನ ರಿಪೇರಿಯವರು ಇವತ್ತೋ ನಾಳೆಯೋ ನಿಲ್ಲುತ್ತದೆ ಎಂದಿದ್ದಾರೆ.

ಪಿರಿಯಾಪಟ್ಟಣದ ವಿರೂಪಾಕ್ಷ ಗೊತ್ತಲ್ಲ, ನಿನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಸುತ್ತಾಡಿಸುತ್ತಿದ್ದವನು. ನಮ್ಮ ಸ್ಟುಡಿಯೋದಲ್ಲೇ ಕೆಲಸ ಕಲಿತು ಈಗ ಅಲ್ಲಿ ಸ್ವಂತ ಸ್ಟುಡಿಯೋ ಇಟ್ಟಿದ್ದಾನೆ. ನನ್ನ ಫಜೀತಿ ಕೇಳಿ ತನ್ನ ಹತ್ತಿರ ಇದ್ದ ಚಿಕ್ಕ ಕ್ಯಾಮೆರಾ ತಂದುಕೊಟ್ಟ. ನೀವು ಹೇಳಿದ ಚಿಕ್ಕದರ ಜಾತಿಯದೇ. “ಒಂದ್ ವಾರ ಇಟ್ಕಳಿ ಅತ್ತಿಗೆ. ಸೀರೆ ತಗೊಳವಾಗ ಮೈಮೇಲೆ ಆಕ್ಕೊಂಡ್ ನೋಡಲ್ವ, ಅಂಗೆ” ಎಂದ.

ನಿಮ್ಮಪ್ಪನ ದೊಡ್ಡದನ್ನೂ ಈ ಚಿಕ್ಕದನ್ನೂ ಇಟ್ಟುಕೊಂಡು ಮೊದಲು ಪರೀಕ್ಷೆ ಮಾಡಿದ್ದು ಎದುರಿಗೆ ಹೂ ಮಾರುವ ಸುಂದ್ರಮ್ಮನ ಮೇಲೆ. ಎರಡು ಫೋಟೊಗಳನ್ನೂ ದೊಡ್ಡದು ಮಾಡಿ ಪ್ರಿಂಟ್ ಹಾಕಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಸುಳ್ಳು ಹೇಳಬಾರದು ರೂಪ, ದೊಡ್ಡದರ ಚಿತ್ರವೇ ಚೆನ್ನ. ಬುಟ್ಟಿಯಲ್ಲಿ ಮಲ್ಲಿಗೆ ಮೊಗ್ಗು ಒಂದೊಂದೂ ಬೇರೆ ಬೇರೆ ಕಾಣುತ್ತದೆ, ದಾರದ ಗಂಟು ಕಾಣುತ್ತದೆ. ಚಿಕ್ಕದರಲ್ಲಿ ನೆರಳಿನಲ್ಲಿದ್ದ ಮೊಗ್ಗುಗಳು ಒಂದಕ್ಕೊಂದು ಅಂಟಿ ಬಿಳಿ ಮುದ್ದೆಯಾಗಿವೆ. ಕಪ್ಪು ಇದ್ದ ಕಡೆ ಸಣ್ಣಗೆ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಅಳಿಯಂದಿರು ಹೇಳಿದ್ದು ಸರಿ. ಸುಂದ್ರಮ್ಮನೂ ದೊಡ್ಡದನ್ನೇ ಮೆಚ್ಚಿದಳು. “ಇದ್ರಲ್ಲಿ ಊವು ಚೆಂದಾಗವೆ ಮಾದೇವಕ್ಕ” ಎಂದಳು. ಮತ್ತೆ ಒಂದು ಕ್ಷಣ ನೋಡಿ, “ನಾನೇ ಯಾಕೋ ದುಡ್ ಕಳ್ಕಂಡೋಳಂಗಿವ್ನಿ” ಎಂದಳು.

ಆ ಮಾತನ್ನು ಆಗ ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಹಿಡಿದುಕೊಳ್ಳುವುದರಲ್ಲಿ ಚಿಕ್ಕದೂ ಪೂರ್ತಿ ಹಿತವಲ್ಲ. ಮೂರು ಬೆರಳು ಕೂರುತ್ತವೆ, ಕಿರುಬೆರಳಿಗೆ ಜಾಗವಿಲ್ಲದೆ ಗಾಳಿಯಲ್ಲಿ ತೇಲುತ್ತದೆ. ಗುಂಡಿಗಳು ಎಳ್ಳಿನ ಹಾಗೆ ಸಣ್ಣ, ಕನ್ನಡಕವಿಲ್ಲದೆ ಒಂದನ್ನೊತ್ತಿದರೆ ಇನ್ನೊಂದು. ಆದರೆ ಕೈ ನೋಯುವುದಿಲ್ಲ. ಬೆನ್ನ ಮೇಲಿನ ಪರದೆಯನ್ನು ಮೇಲಕ್ಕೆ ಎತ್ತಬಹುದು. ಕಣ್ಣಿಗೆ ಒತ್ತಿಕೊಳ್ಳದೆ, ಅಕ್ಕಿ ಆರಿಸುವ ಮೊರದ ಹಾಗೆ ಎದೆಯ ಹತ್ತಿರ ಹಿಡಿದು, ಬಗ್ಗಿ ನೋಡಿಕೊಂಡು ತೆಗೆಯಬಹುದು. ಇದು ದೊಡ್ಡ ಉಪಯೋಗ ಎಂದು ನನಗೆ ಮೊದಲು ಅನ್ನಿಸಲಿಲ್ಲ. ಹೀಗೆ ತೂಗಿ ತೂಗಿ, ತಕ್ಕಡಿ ಯಾವ ಕಡೆಗೂ ವಾಲದೆ ನಿಂತಿತ್ತು.

ಗುರುವಾರ ಕೋಟೆ ತಾಲ್ಲೂಕಿನ ಕಡೆ ಹೋದೆ. ಬೀಚನಹಳ್ಳಿ ಡ್ಯಾಮಿನ ಕಡೆ, ಕಾಡಂಚಿನ ಹಾಡಿಯ ಚೆನ್ನಿ ನಿನಗೆ ನೆನಪಿರಬೇಕು. ನನ್ನ ತವರಿನ ಹೊಲಕ್ಕೆ ಹೊಗೆಸೊಪ್ಪು ಕಟ್ಟಲು ಬರುತ್ತಿದ್ದವಳು, ನಿನಗೆ ಕಾಡು ನೆಲ್ಲಿಕಾಯಿ ತಂದುಕೊಡುತ್ತಿದ್ದಳು. ಅವಳಿಗೂ ಅವಳ ಗಂಡ ಹುಚ್ಚನಿಗೂ, ಹೆಸರು ಮಾತ್ರ ಹುಚ್ಚ, ಹೊಸ ಮನೆಯಾಗಿದೆ. ನಡುಮನೆಯ ಗೋಡೆಗೆ ತಮ್ಮಿಬ್ಬರ ಜೋಡಿ ಫೋಟೊ ಬೇಕೆಂದು ಹೇಳಿಕಳಿಸಿದ್ದರು. ಹಿಂದೊಮ್ಮೆ ನಿಮ್ಮಪ್ಪ ಒಬ್ಬರೇ ಆ ಕಡೆ ಹೋಗಿದ್ದಾಗ ಅವಳ ಒಂದು ಫೋಟೊ ತೆಗೆದಿದ್ದರಂತೆ. ಅದು ಚೆನ್ನಾಗಿ ಬರಲಿಲ್ಲ ಎಂದು ಕೊಡಲೇ ಇಲ್ಲ. ನಿಮ್ಮಪ್ಪ ಹಾಗೆ ಕೊಡದೆ ಬಿಟ್ಟ ಫೋಟೊ ಬೇರೆ ನನಗೆ ನೆನಪಿಲ್ಲ.

ಕೋಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ದೊಡ್ಡದನ್ನು ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡಿದ್ದೆ, ಚಿಕ್ಕದು ಕೈಚೀಲದಲ್ಲಿ ಕೊಡೆಯ ಪಕ್ಕ. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳ ವಾಸನೆ.

ಚೆನ್ನಿ ಹೊಸ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ನಾನು ದೊಡ್ಡದನ್ನು ಹೊರಗೆ ತೆಗೆದು ಕಣ್ಣಿಗಿಟ್ಟೆನೋ ಇಲ್ಲವೋ, ಅವಳ ಭುಜ ಮೇಲಕ್ಕೆ ಹೋಯಿತು, ತುಟಿ ಒಳಕ್ಕೆ ಹೋಯಿತು. ಹುಚ್ಚ ಪಕ್ಕದಲ್ಲಿ ಲಾಠಿ ಹಿಡಿದವರ ಎದುರು ನಿಂತವನ ಹಾಗೆ ನಿಂತ. ನಗು ಚೆನ್ನಿ ಎಂದೆ. ಅವಳು ಹಲ್ಲು ತೋರಿಸಿದಳು, ಅದು ಇನ್ನೂ ಕೆಟ್ಟದಾಯಿತು. ಹುಚ್ಚ ಹೇಳಿದ, “ಇವ್ಳು ನಗಾದ್ನ ನೀ ಪೋಟೊ ತೆಗುದ್ರೆ ಮಾದೇವಕ್ಕ, ನಾ ಡ್ಯಾಮ್ ಗಂಟ ನಡ್ಕಂಡೋಗಿ ನಡ್ಕಂಡ್ ಬತ್ತೀನಿ.”

ಸಾಕಷ್ಟು ತೆಗೆದೆ. ಒಂದೊಂದೂ ಕನ್ನಡಿಯ ಹಾಗೆ ಸ್ವಚ್ಛ. ಅವಳ ನರೆಗೂದಲು ಎಣಿಸಬಹುದು, ಹುಚ್ಚನ ಅಂಗಿಯ ಹೊಲಿಗೆ ಎಣಿಸಬಹುದು. ಮನುಷ್ಯರು ಮಾತ್ರ ಒಳಗಿಲ್ಲ. ಹೆಬ್ಬೆರಳು ಸಿಡಿಯಲು ಶುರುವಾಯಿತು. ಕ್ಯಾಮೆರಾ ಇಳಿಸಿ ಜಗಲಿಯ ಮೇಲೆ ಕೂತು ಕೈ ತಿಕ್ಕಿಕೊಂಡೆ. ಚೆನ್ನಿ ಬಂದು ಪಕ್ಕದಲ್ಲಿ ಕೂತಳು. ಯಾಕೆ ಹೀಗೆ ಬಿಗಿದುಕೊಳ್ಳುತ್ತೀಯ, ನಾನೇನು ಹೊಸಬಳೇ ಎಂದು ಕೇಳಿದೆ.

“ನೀ ಒಸಬ್ಳಲ್ಲ ಅಕ್ಕ. ನೀ ಮಕ ಮುಚ್ಕಂಡ್ರೆ ನಾ ಯಾರ್ನ ನೋಡ್ಲಿ?” ಎಂದಳು.

ರೂಪ, ದೊಡ್ಡದನ್ನು ಜಗಲಿಯ ಮೇಲೇ ಬಿಟ್ಟು ಎದ್ದೆ. ಆಮೇಲೆ ಕೈಚೀಲದಿಂದ ಚಿಕ್ಕದನ್ನು ತೆಗೆದು, ಪರದೆ ಎತ್ತಿ, ಎದೆಯ ಹತ್ತಿರ ಹಿಡಿದುಕೊಂಡು ಅವರಿಬ್ಬರ ಎದುರು ನಿಂತೆ. ನನ್ನ ಮುಖಕ್ಕೆ ಏನೂ ಅಡ್ಡ ಇರಲಿಲ್ಲ. ಒಂದು ವರ್ಷ ನಮ್ಮ ಹೊಲದಲ್ಲಿ ಹುಚ್ಚ ಎತ್ತಿಗೆ ಹೆದರಿ ಹುಣಸೆ ಮರ ಹತ್ತಿ, ಇಳಿಯಲಾಗದೆ ಕೂತಿದ್ದ. ಅದನ್ನು ನೆನಪಿಸಿದೆ. ಚೆನ್ನಿ, “ಅಯ್ಯೋ ಅಕ್ಕ, ಏಣಿ ತಂದ್ರೂ ಇಳೀನಿಲ್ಲ, ಊಟ ಮ್ಯಾಕ್ಕೇ ಕಳ್ಸು ಅಂದ ಕಣಕ್ಕ!” ಎಂದು ನನ್ನನ್ನೇ ನೋಡುತ್ತಾ ನಕ್ಕಳು. ಹುಚ್ಚ ಅವಳನ್ನು ನೋಡಿ ನಾಚಿದ. ನನ್ನ ಬೆರಳು ಅದರ ಪಾಡಿಗೆ ಗುಂಡಿ ಒತ್ತಿತ್ತು. ಪರದೆಯಲ್ಲಿ ತೋರಿಸಿದಾಗ ಚೆನ್ನಿ ಗಂಡನ ಕಡೆ ತಿರುಗಿ, “ನಡಿ ಮತ್ತೆ, ಡ್ಯಾಮು ಅತ್ತಾಗದೆ” ಎಂದು ಕೈ ತೋರಿಸಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಬೇಲಿಯ ತನಕ ಹೋಗಿ ಬಂದ. ಉಳಿದದ್ದು ನಾಳೆಗೆ ಎಂದ.

ಆದರೆ ಚಿತ್ರದಲ್ಲಿ ಒಂದು ತಪ್ಪಿತ್ತು. ಮನೆಗೆ ಬಂದು ಪ್ರಿಂಟ್ ಹಾಕಿದ ಮೇಲೆ ಕಂಡಿತು. ಕ್ಯಾಮೆರಾ ನನ್ನ ಎದೆಯ ಹತ್ತಿರ, ಅವಳ ಕಣ್ಣು ನನ್ನ ಮುಖದ ಹತ್ತಿರ. ಹಾಗಾಗಿ ಚೆನ್ನಿ ಫೋಟೊದಿಂದ ಸ್ವಲ್ಪ ಮೇಲಕ್ಕೆ ನೋಡುತ್ತಿದ್ದಾಳೆ, ಅಟ್ಟದ ಮೇಲಿನ ಪಾತ್ರೆ ನೋಡುವವರ ಹಾಗೆ. ನಿನ್ನೆ ಮಧ್ಯಾಹ್ನ ವಿರೂಪಾಕ್ಷ ಬಂದಿದ್ದ. ನೋಡಿದವನೇ ನಕ್ಕುಬಿಟ್ಟ. “ಏನತ್ತಿಗೆ, ಇವ್ರು ಸೂರು ಸೋರ್ತದ ಅಂತ ನೋಡ್ತಾವ್ರ? ಒಸಾ ಮನೆ ಅಲ್ವ?” ಎಂದ. ನನಗೆ ಅಳು ಬರುವಂತಾಯಿತು. ನೋಡಿದೆಯಾ, ನನಗೆ ಇಷ್ಟೂ ಬರುವುದಿಲ್ಲ, ನಾನು ಲೈಟು ಹಿಡಿಯುವುದಕ್ಕೇ ಸರಿ, ಅಂಗಡಿ ಬಿಟ್ಟುಕೊಡುತ್ತೇನೆ ಎಂದೆ. ನಿನಗೆ ಹೇಳದ ಮಾತನ್ನು ಮೊದಲು ಅವನಿಗೆ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡ.

ಅವನು ನಗುವುದು ನಿಲ್ಲಿಸಿದ. ಎದ್ದು ಹೋಗಿ ಸ್ಟುಡಿಯೋ ಗೋಡೆಯ ಮೇಲಿನ ಫೋಟೊಗಳ ಮುಂದೆ ನಿಂತ. “ಇಲ್ ಬನ್ನಿ ಅತ್ತಿಗೆ. ಇವ್ರೆಲ್ಲ ಎಲ್ ನೋಡ್ತಾವ್ರೆ ಏಳಿ” ಎಂದ.

ಆ ಗೋಡೆಯ ಧೂಳನ್ನು ನಾನು ದಿನಾ ಒರೆಸುತ್ತೇನೆ. ಹುಣಸೂರಿನ ಅರ್ಧ ಊರು ಅಲ್ಲಿದೆ. ಮದುವೆಯ ಜೋಡಿಗಳು, ಅಜ್ಜಿ ಮೊಮ್ಮಕ್ಕಳು, ಮೈನೆರೆದ ಆರತಿಯ ದಿನದ ಹುಡುಗಿಯರು, ನಿವೃತ್ತರಾದ ದಿನದ ಮೇಷ್ಟ್ರು. ಒಬ್ಬೊಬ್ಬರನ್ನೇ ನೋಡುತ್ತಾ ಬಂದೆ. ಯಾರೂ ನೇರ ನೋಡುತ್ತಿಲ್ಲ. ಎಲ್ಲರ ಕಣ್ಣೂ ಒಂದು ಕೂದಲೆಳೆಯಷ್ಟು ಎಡಕ್ಕಿದೆ. ಒಬ್ಬರದನ್ನು ನೋಡಿದರೆ ಗೊತ್ತೇ ಆಗುವುದಿಲ್ಲ, ಯಾರೋ ತಮ್ಮವರನ್ನು ನೋಡುತ್ತಿದ್ದಾರೆ ಅನ್ನಿಸುತ್ತದೆ ಅಷ್ಟೇ. ಎಲ್ಲರನ್ನೂ ಸಾಲಾಗಿ ನೋಡಿದರೆ ಊರಿಗೆ ಊರೇ ಒಂದು ಕಡೆ ನೋಡುತ್ತಿದೆ.

“ಆ ಎಡಕ್ಕೆ ಯಾರ್ ನಿಂತಿದ್ರು?” ಎಂದ ವಿರೂಪಾಕ್ಷ.

ನಾನು ನಿಂತಿದ್ದೆ, ರೂಪ.

ನೆಲದ ಮೇಲೆ ಕೆಂಪು ಟೇಪಿನ ಗುರುತು ನಿನಗೆ ಗೊತ್ತಲ್ಲ, ನೀನು ಚಿಕ್ಕವಳಿದ್ದಾಗ ಉಗುರಿನಿಂದ ಕೀಳಲು ಹೋಗಿ ಅಪ್ಪನ ಕೈಲಿ ಬೈಸಿಕೊಂಡಿದ್ದೆ. ಕ್ಯಾಮೆರಾ ಸ್ಟ್ಯಾಂಡಿನ ಎಡಕ್ಕೆ, ಒಂದು ಮೊಳ ದೂರದಲ್ಲಿ. ಟೇಪು ಸವೆದಾಗೆಲ್ಲ ಅದೇ ಜಾಗಕ್ಕೆ ಹೊಸದು ಅಂಟಿಸುತ್ತಿದ್ದರು. ಲೈಟು ಹಿಡಿದು ನಾನು ಅದರ ಮೇಲೆ ನಿಲ್ಲಬೇಕು. ಒಂದು ಹೆಜ್ಜೆ ಸರಿದರೆ, “ಗುರ್ತು ಬುಟ್ಟು ಅಲ್ಲಾಡ್‌ಬ್ಯಾಡ ಕಣೆ ಮಾದೇವಿ” ಎನ್ನುತ್ತಿದ್ದರು. ನೆರಳು ಸರಿಯಾಗಿ ಬೀಳಲು ಎಂದು ನಾನು ಅಂದುಕೊಂಡಿದ್ದೆ. ಆಮೇಲೆ ಲೈಟಿಗೇ ಒಂದು ಸ್ಟ್ಯಾಂಡ್ ತಂದರು. ಆದರೂ ನಾನೇ ಹಿಡಿಯಬೇಕಿತ್ತು. “ಸ್ಟ್ಯಾಂಡು ಅಲ್ಲಾಡ್ತದೆ” ಎನ್ನುತ್ತಿದ್ದರು. ಕಬ್ಬಿಣದ ಸ್ಟ್ಯಾಂಡು ಅಲ್ಲಾಡುತ್ತದಂತೆ, ನನ್ನ ಕೈ ಅಲ್ಲಾಡುವುದಿಲ್ಲವಂತೆ! ನನಗೆ ಆಗಲೂ ಹೊಳೆಯಲಿಲ್ಲ. ಪಾಸ್‌ಪೋರ್ಟ್ ಫೋಟೊ ಇದ್ದರೆ ಮಾತ್ರ, “ನೀ ಒಳಿಕ್ಕೋಗು, ಇದು ಸರ್ಕಾರುದ್ ಪೋಟೊ” ಎಂದು ಕಳಿಸಿಬಿಡುತ್ತಿದ್ದರು. ಒಲೆಯ ಮೇಲೆ ಅನ್ನ ಇದೆ ಎಂದು ಖುಷಿಯಾಗಿ ಹೋಗುತ್ತಿದ್ದೆ.

ವಿರೂಪಾಕ್ಷ ಹೇಳಿದ, “ಅದು ಬೆಳಕಿನ್ ಗುರ್ತಲ್ಲ ಅತ್ತಿಗೆ, ನಿಮ್ ಮಕದ್ ಗುರ್ತು. ಒಂದ್ಸತಿ ನೀವು ತವರ್ಗೋಗಿದ್ರಿ. ಅಣ್ಣ ನನ್ನ ಅಲ್ಲಿ ನಿಲ್ಸುದ್ರು. ಬಂದೋರೆಲ್ಲ ನನ್ನ ನೋಡ್ಕಂಡು, ಬಸ್ಸು ಕೆಟ್ಟೋಗಿ ರಸ್ತೇಲಿ ನಿಂತೋರಂಗೆ ಕಂಡ್ರು. ‘ನೀ ಆಚ್ಗೋಗ್ಲಾ, ಮಾದೇವಿ ಬರ್ಲಿ ಬುಡು’ ಅಂದ್ರು. ನೀವು ಬರೋಗಂಟ ಬಂದ್ ಜನಾನೆಲ್ಲ ಬಲ್ಬು ಓಗದೆ ಅಂತ ವಾಪಸ್ ಕಳ್ಸುದ್ರು. ಬಲ್ಬು ಚೆನ್ನಾಗೇ ಇತ್ತು.”

ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವಾಗ ನನ್ನ ಧ್ವನಿ ಜಗಳದ ಧ್ವನಿಯಾಗಿತ್ತು. ಹೋದವರ ಮೇಲೆ ಹೇಗೆ ಕೋಪ ಮಾಡಿಕೊಳ್ಳುವುದು ಎಂದು ಹತ್ತು ತಿಂಗಳಿಂದ ಗೊತ್ತಾಗಿರಲಿಲ್ಲ, ಅದೊಂದು ನೆಪ ಸಿಕ್ಕಿತು. ವಿರೂಪಾಕ್ಷ ತಲೆ ಕೆರೆದುಕೊಂಡ. “ಏಳಿದ್ರೆ ನೀವು ನಾಚ್ಕಳ್ತಿದ್ರಿ. ನೀವು ನಾಚ್ಕಂಡ್ರೆ ಅವ್ರೂ ನಾಚ್ಕಳ್ತಿದ್ರು. ನಂಗೂ ಬಾಯ್ಬುಡ್‌ಬ್ಯಾಡ ಅಂದಿದ್ರು. ಈಗ ಬುಟ್ಬುಟ್ಟೆ, ಅಣ್ಣ ಬೈಯಂಗಿದ್ರೆ ಬೈಲಿ” ಎಂದ. ಹಾಗೆ ಹೇಳಿ ಕರ್ಚೀಫು ತೆಗೆದು ಕ್ಯಾಮೆರಾದ ಗಾಜು ಒರೆಸಿದ. ಗಾಜು ಸ್ವಚ್ಛವಾಗಿಯೇ ಇತ್ತು.

ಈಗ ನೀನು ನಿನ್ನ ಆಲ್ಬಂ ತೆಗೆದು ನೋಡು. ಎಂಟನೇ ಕ್ಲಾಸಿನಲ್ಲಿ ನನ್ನದು ಮಾಲುಗಣ್ಣು, ಎಲ್ಲಾ ಫೋಟೊದಲ್ಲೂ ಕಣ್ಣು ಒಂದು ಕಡೆ ಹೋಗುತ್ತದೆ ಎಂದು ಊಟ ಬಿಟ್ಟು ಅತ್ತಿದ್ದೆಯಲ್ಲ. ಮೈಸೂರಿಗೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಅವರು ದೀಪ ಬಿಟ್ಟು, ಅಕ್ಷರ ಓದಿಸಿ, ಕಣ್ಣು ಮುತ್ತಿನ ಹಾಗಿದೆ ಎಂದು ಕಳಿಸಿದರು. ನಿಮ್ಮಪ್ಪ ಬಸ್ಸಿನುದ್ದಕ್ಕೂ ಕಿಟಕಿ ಕಡೆ ತಿರುಗಿ ಒಬ್ಬರೇ ನಗುತ್ತಿದ್ದರು. ಮಗಳು ಅಳುತ್ತಿದ್ದರೆ ಇವರಿಗೆ ನಗು ಎಂದು ನಾನು ಬೈದೆ. ಹಾಲ್‌ಟಿಕೆಟ್ಟಿನ ಫೋಟೊದಲ್ಲಿ ಮಾತ್ರ ನಿನ್ನ ಕಣ್ಣು ನೆಟ್ಟಗಿತ್ತು, ಅದಕ್ಕೆ ಡಾಕ್ಟರ ಔಷಧಿ ಕಾರಣ ಎಂದು ನೀನು ನಂಬಿದ್ದೆ. ಅದು ಬರೀ ವಿಟಮಿನ್ ಮಾತ್ರೆ. ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ ಮಗಳೇ. ನೀನು ನನ್ನನ್ನು ನೋಡುತ್ತಿದ್ದೆ.

ನಿನ್ನೆ ಸಂಜೆ ಅವನು ಹೋಗುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆವು. ಹೂವಿನ ಬುಟ್ಟಿ ಹೊತ್ತು ಮನೆಗೆ ಹೊರಟಿದ್ದ ಸುಂದ್ರಮ್ಮನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಚಿಕ್ಕದನ್ನು ಎದೆಯ ಹತ್ತಿರವಲ್ಲ, ಗದ್ದಕ್ಕೆ ತಾಗುವ ಹಾಗೆ ಹಿಡಿದೆ. ನನ್ನ ಮುಖವೂ ಗಾಜೂ ಹತ್ತಿರ ಹತ್ತಿರ ಬಂದವು. ದೊಡ್ಡದನ್ನು ಅಷ್ಟು ಎತ್ತರದಲ್ಲಿ, ಕಣ್ಣಿನ ಆಸರೆಯಿಲ್ಲದೆ ಹಿಡಿದು ನಿಲ್ಲಲು ನನ್ನ ಕೈಗೆ ಆಗುವುದಿಲ್ಲ. ಚಿಕ್ಕದು ನಿಂತಿತು. ಕಿರುಬೆರಳಿಗೆ ವಿರೂಪಾಕ್ಷ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಕ್ಯಾಮೆರಾದ ಅಡಿಭಾಗಕ್ಕೆ ಅಂಟಿಸಿಕೊಟ್ಟಿದ್ದ. ಅಷ್ಟು ಆಸರೆ ಸಾಕಾಯಿತು. “ಏನ್ ಮಾದೇವಕ್ಕ, ಗಡ್ಡ ಬಂದಂಗದೆ ನಿಂಗೆ!” ಎಂದು ಸುಂದ್ರಮ್ಮ ಬಾಯಿ ತುಂಬ ನಕ್ಕಳು. ಆ ಫೋಟೊದಲ್ಲಿ ಬುಟ್ಟಿಯ ಮಲ್ಲಿಗೆ ಒಂದಕ್ಕೊಂದು ಅಂಟಿಕೊಂಡಿದೆ. ಸುಂದ್ರಮ್ಮ ಸುಂದ್ರಮ್ಮನ ಹಾಗಿದ್ದಾಳೆ. ಯಾವುದು ಬೇಕು ಎಂದು ಎರಡನ್ನೂ ಮುಂದಿಟ್ಟರೆ, ಹೂವು ಚೆನ್ನಾಗಿರುವುದನ್ನು ಬಿಟ್ಟು ಇದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಆದ್ದರಿಂದ ಅಳಿಯಂದಿರಿಗೆ ಹೇಳು. ಚಿತ್ರದ ಗುಣಮಟ್ಟವೇ ಮುಖ್ಯ, ಅವರ ಮಾತು ನಾನು ಒಪ್ಪಿದೆ. ಚಿಕ್ಕದನ್ನು ತೆಗೆದುಕೊಡಿ. ಜೊತೆಗೆ ಕತ್ತಲಿಗೆ ಆಗುವ, ಬೆಳಕು ಚೆನ್ನಾಗಿ ಹಿಡಿಯುವ ಒಂದು ಲೆನ್ಸು ಸಿಗುತ್ತದಂತೆ. ಮಲ್ಲಿಗೆಯ ವಿಷಯದಲ್ಲಿ ಅದು ಸ್ವಲ್ಪ ಸಹಾಯ ಮಾಡುತ್ತದೆ ಎಂದು ವಿರೂಪಾಕ್ಷ ಹೇಳಿದ. ಪೂರ್ತಿ ಅಲ್ಲ, ಸ್ವಲ್ಪ. ಅಷ್ಟು ಸಾಕು. ಆದರೆ ಕೊಳ್ಳುವ ಮೊದಲು ನೀನೇ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡು. ನಿನ್ನ ಕೈ ನನ್ನ ಕೈಯ ಅಳತೆಯೇ.

ನಿಮ್ಮಪ್ಪನ ಕ್ಯಾಮೆರಾವನ್ನು ಮಾರುವುದಿಲ್ಲ, ಬದಲಿಗೂ ಕೊಡುವುದಿಲ್ಲ. ಪಟ್ಟಿಯೂ ಹಾಗೇ ಇರಲಿ. ಹೊಸದಕ್ಕೆ ಅದರದೇ ಪಟ್ಟಿ ಬರುತ್ತದೆ, ಅದನ್ನು ನನ್ನ ಅಳತೆಗೆ ಹಾಕಿಕೊಳ್ಳುತ್ತೇನೆ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಕೈ ಬಗ್ಗೆ ಫೋನು ಮಾಡಿ ಬೈಯಬೇಡ, ಪಟ್ಟಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನೀನು ನೋಡುತ್ತಿದ್ದ, ಕ್ಯಾಮೆರಾದ ಎಡಕ್ಕೆ ನಿಂತಿದ್ದ
ಅಮ್ಮ,
ಮಹದೇವಮ್ಮ

ಮತ್ತೆ: ಕವರಿನಲ್ಲಿ ಎರಡು ಫೋಟೊ ಇಟ್ಟಿದ್ದೇನೆ. ಒಂದು ಚೆನ್ನಿ, ಹುಚ್ಚನದು. ಬಸ್ಸಿನವರ ಕೈಲಿ ಅವಳಿಗೂ ಒಂದು ಪ್ರಿಂಟ್ ಕಳಿಸಿದ್ದೆ, ಮೇಲೆ ನೋಡುತ್ತಿದ್ದರೆ ನೋಡಲಿ, ಇದೇ ಇರಲಿ ಎಂದು ಚೆನ್ನಿ ಹೇಳಿಕಳಿಸಿದ್ದಾಳೆ. ಇನ್ನೊಂದು ನನ್ನದು. ನಿನ್ನೆ ಸುಂದ್ರಮ್ಮ ಹೋದ ಮೇಲೆ ವಿರೂಪಾಕ್ಷ ಗಿರಾಕಿ ಕೂರುವ ಸ್ಟೂಲಿನ ಮೇಲೆ ಕೂತು, ನನಗೆ ಹೇಳದೆ ತೆಗೆದದ್ದು. ಅಭ್ಯಾಸಕ್ಕೆ ನಾನು ಟೇಪಿನ ಮೇಲೆ ಹೋಗಿ ನಿಂತಿದ್ದೇನೆ. ನೋಡಿ ನಗಬೇಡ, ನನ್ನ ಕಣ್ಣೂ ನೆಟ್ಟಗಿಲ್ಲ. ಪಕ್ಕದಲ್ಲಿ ನಿಮ್ಮಪ್ಪನ ಸ್ಟ್ಯಾಂಡ್ ಇರುತ್ತಿದ್ದ ಕಡೆ ನೋಡುತ್ತಿದ್ದೇನೆ, ಅವರ ಮುಖ ಇರುತ್ತಿದ್ದ ಎತ್ತರಕ್ಕೆ. ಸ್ಟ್ಯಾಂಡನ್ನು ಮಡಚಿ ಮೂಲೆಗಿಟ್ಟು ಎಷ್ಟೋ ದಿನವಾಯಿತು, ಅಲ್ಲಿ ಏನೂ ಇಲ್ಲ. ಆದರೂ ಫೋಟೊದಲ್ಲಿ ನಾನು ನಗುತ್ತಿದ್ದೇನೆ.

ಟೇಪು ಸವೆದಿತ್ತು. ಇವತ್ತು ಹೊಸದು ಅಂಟಿಸಿದೆ. ಪಕ್ಕದ ಅಂಗಡಿಯವರಿಗೆ ಬೇರೆ ಜಾಗ ನೋಡಿಕೊಳ್ಳಿ ಎಂದು ಬೆಳಿಗ್ಗೆಯೇ ಹೇಳಿ ಬಂದೆ. ನಾಳೆ ಸೋಮವಾರ, ಸ್ಟುಡಿಯೋ ಒಂಬತ್ತಕ್ಕೆ ತೆರೆಯುತ್ತದೆ.